ಹದಿನಾಲ್ಕು ಸೂಜಿ

ಹೂ ಕೀಳುತ್ತಿದ್ದ ಬೋರಯ್ಯ ಬುಟ್ಟಿಯನ್ನು ಸಾಲಿನ ನಡುವೆಯೇ ಬಿಟ್ಟು ಎರಡೂ ಕಿವಿಗೆ ಬೆರಳು ತುರುಕಿಕೊಂಡ. ತೋಟದ ಮನೆಯ ಹಿಂದೆ ಕಂಬಳಿ ಕಟ್ಟಿ ಮರೆ ಮಾಡಿದ್ದ ಕಡೆಯಿಂದ ನೀರು ಸುರಿಯುವ ಸದ್ದು ಬರುತ್ತಿತ್ತು. ಮರೆಯೊಳಗೆ, ನಿನ್ನೆ ತೀರಿಕೊಂಡ ತೋಟದ ಯಜಮಾನ ಬಾಬು ಜಾನ್‌ನ ಮೈ ತೊಳೆಯುತ್ತಿದ್ದರು. ಒಂದು ತಂಬಿಗೆ ಸುರಿಯುವುದು, ಸ್ವಲ್ಪ ಹೊತ್ತು ಸುಮ್ಮನಾಗುವುದು, ಮತ್ತೆ ಇನ್ನೊಂದು ತಂಬಿಗೆ. ಸದ್ದು ಬಂದಾಗಲೆಲ್ಲ ಬೋರಯ್ಯನ ಗಂಟಲು ಹಿಡಿದ ಹಾಗಾಗುತ್ತಿತ್ತು. ನಿಜವಾಗಿ ಹಿಡಿಯಿತೋ, ಹಿಡಿದೀತೆಂಬ ಹೆದರಿಕೆಗೆ ಹಾಗಾಯಿತೋ, ಅವನಿಗೇ ತಿಳಿಯಲಿಲ್ಲ. ಉಗುಳು ನುಂಗಿ ನೋಡಿದ. ಇಳಿಯಿತು. ಇನ್ನೊಮ್ಮೆ ನುಂಗೋಣವೆಂದರೆ ಬಾಯಲ್ಲಿ ಉಗುಳೇ ಇರಲಿಲ್ಲ.

ಇವತ್ತಿಗೆ ನಲವತ್ತೊಂದು ದಿನ. ಮಹಾಲಯದ ಅಮಾವಾಸ್ಯೆಗೆ ಹತ್ತು ದಿನ ಇದ್ದಾಗ, ಮದ್ದೂರಿನ ಹೊಳೆದಂಡೆಯ ಈ ಹೂದೋಟದ ಬೇಲಿ ಪಕ್ಕದಲ್ಲೇ ಹುಚ್ಚುನಾಯಿಯೊಂದು ಬೋರಯ್ಯನಿಗೆ ಕಚ್ಚಿತ್ತು. ಅದೇ ನಾಯಿ ಬಾಬು ಜಾನ್‌ಗೂ ಕಚ್ಚಿತ್ತು. ಇಬ್ಬರೂ ಜೊತೆಯಾಗಿ ಮಂಡ್ಯದ ಆಸ್ಪತ್ರೆಗೆ ಹೋಗಿ ಹೊಟ್ಟೆಗೆ ಹದಿನಾಲ್ಕು ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡು ಬಂದಿದ್ದರು. ನಿನ್ನೆ ಸಂಜೆ ಬಾಬು ಜಾನ್ ತೋಟದ ಬದುವಿನ ಮೇಲೆ ಕುಸಿದು ಕೂತ. ಮೈಯೆಲ್ಲ ಬೆವರು. ಹೆಂಡತಿ ಹಬೀಬುನ್ನೀಸಾ ಓಡಿಬಂದು ಲೋಟದ ನೀರು ತುಟಿಗಿಟ್ಟಳು. ನೀರು ಒಳಕ್ಕೆ ಹೋಗಲಿಲ್ಲ, ಕಟವಾಯಿಯಿಂದ ಇಳಿದು ಬಿಳಿ ಗಡ್ಡ ನೆನೆಯಿತು. ಅವನು ಲೋಟವನ್ನು ಕೈಯಿಂದ ಆಚೆ ತಳ್ಳಿದ. ಅದಾದ ಮೇಲೆ ಹೆಚ್ಚು ಹೊತ್ತು ಬದುಕಲಿಲ್ಲ. ಬೋರಯ್ಯ ಇದೆಲ್ಲವನ್ನೂ ಕಣ್ಣಾರೆ ಕಂಡ. ನೀರು ನುಂಗಲಾರದೆ ಸಾಯುವುದು ಯಾವ ಸಾವು ಎಂಬುದನ್ನು ಈ ಸೀಮೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಬೇಲಿಯಾಚೆ ಹೊಂಗೆಮರದ ಕೆಳಗೆ ಮಣ್ಣಿಗೆ ಬಂದವರು ಕೂತಿದ್ದರು. ಕಿವಿಯಿಂದ ಬೆರಳು ತೆಗೆದರೆ ನೀರಿನ ಸದ್ದು, ಅದು ನಿಂತಾಗ ಅವರ ಮಾತು.

"ಒಂದೇ ನಾಯಿ ಕಣ್ಲಾ," ಎಂದ ಕರಿಯಯ್ಯ.

"ಸೂಜಿ ಆಕುಸ್ಕಂಡಿದ್ರಲ್ಲ ಇಬ್ರೂವೆ?" ಎಂದ ನಿಂಗಯ್ಯ.

"ಸೂಜಿಗೆ ಬಗ್ಗೋ ವಿಸ ಅಲ್ಲ ಬುಡು ಅದು. ಸಾಬ್ರುದು ಮುಗೀತು. ಇನ್ನು..."

ಕರಿಯಯ್ಯ ಮಾತು ನಿಲ್ಲಿಸಿ ಬೇಲಿಯ ಕಡೆ ನೋಡಿದ. ಬೋರಯ್ಯ ತಲೆ ತಗ್ಗಿಸಿ ಹೂವಿಗೆ ಕೈ ಹಾಕಿದ. ಹೂವಿನ ಜೊತೆಗೆ ಮೊಗ್ಗೂ ಕಿತ್ತುಬಂತು.

ಆಗಲೇ ಅವನ ಕಣ್ಣಿಗೆ ಬಿದ್ದದ್ದು ಭಾಮೈದ ಚಿಕ್ಕಮಾದುವಿನ ಹೆಗಲ ಮೇಲಿದ್ದ ಹಗ್ಗ. ಹೊಸ ಸೆಣಬಿನ ಹಗ್ಗ, ಗಟ್ಟಿಯಾದದ್ದು, ಸುತ್ತಿ ಸುತ್ತಿ ಹೆಗಲಿಗೇರಿಸಿಕೊಂಡಿದ್ದ. ಸಾಬರ ಮಣ್ಣಿಗೆ ಹಗ್ಗದ ಕೆಲಸವಿಲ್ಲ.

"ಅಗ್ಗ ಯಾಕ್ಲಾ ಮಾದು?"

"ಸಂತೆಗೆ ಓಯ್ತಿವ್ನಿ ಬಾವ. ಅಸ ತರಾಕೆ."

"ಇವತ್ತು ಯಾವೂರ ಸಂತೆಲಾ?"

ಚಿಕ್ಕಮಾದು ತನ್ನ ಕಾಲಬೆರಳು ನೋಡಿಕೊಂಡ. ಅವನ ಹಿಂದೆ ನಿಂತಿದ್ದ ಬೋರಯ್ಯನ ಹೆಂಡತಿ ದೇವಿರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಹೆದರಿದವನ ಮೇಲೆ ಹಾವು ಎಸೆದ ಹಾಗಾಯಿತು. ವಿಷ ಏರಿದವರನ್ನು ಏನು ಮಾಡುತ್ತಾರೆಂದು ಬೋರಯ್ಯನಿಗೆ ಗೊತ್ತಿತ್ತು. ಕೊಟ್ಟಿಗೆಯ ಕಂಬಕ್ಕೆ ಕಟ್ಟುತ್ತಾರೆ, ಕದ ಎಳೆದುಕೊಳ್ಳುತ್ತಾರೆ, ಆಚೆ ಕೂತು ಅಳುತ್ತಾರೆ. ಹಾಗೆ ಕಟ್ಟಿದ್ದ ಒಬ್ಬನ ಹಗ್ಗದ ಒಂದು ತುದಿಯನ್ನು ಎಳೆವಯಸ್ಸಿನಲ್ಲಿ ಅವನೇ ಹಿಡಿದಿದ್ದ.

*

ಬೋರಯ್ಯನ ಧೈರ್ಯ ಎಂಥದ್ದೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ. ಕಬ್ಬಿನ ಗದ್ದೆಗೆ ನುಗ್ಗಿದ ಹಂದಿಯನ್ನು ಬರಿಗೈಯಲ್ಲಿ ಓಡಿಸಿದ್ದು, ಕಬ್ಬಿನ ಗಾಡಿ ಹೊಡೆದುಕೊಂಡು ಮಂಡ್ಯಕ್ಕೆ ಹೋಗುವಾಗ ಕಳ್ಳರಿಗೆ ಗದರಿದ್ದು, ಹೀಗೆ ನಾಲ್ಕಾರು ಕತೆಗಳು. ಹಂದಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು. ಉತ್ತರನ ಪೌರುಷ ಒಲೆ ಮುಂದೆ ಎಂದು ದೇವಿರಮ್ಮ ನಗುತ್ತಿದ್ದಳು.

ನಾಯಿ ಮೀನಖಂಡಕ್ಕೆ ಬಾಯಿ ಹಾಕಿದ ದಿನ ಆ ಪೌರುಷ ಎಲ್ಲಿ ಹೋಯಿತೋ. ಪಕ್ಕದ ಹೂದೋಟದಿಂದ ಬಾಬು ಜಾನ್ ಗುದ್ದಲಿ ಎತ್ತಿಕೊಂಡು ಬಂದು ನಾಯಿಯನ್ನು ಅಟ್ಟಿದ. ಬೋರಯ್ಯನನ್ನು ಕೂರಿಸಿ, ಸೋಪು ಹಚ್ಚಿ ಗಾಯವನ್ನು ಹತ್ತು ಸಲ ತೊಳೆದ.

"ಬೆಳಿಗ್ಗೆ ರೈಲಿಗೆ ಮಂಡ್ಯಕ್ಕೆ ಓಗಾಣ. ಹದಿನಾಲ್ಕು ದಿನ ಸೂಜಿ ಆಕ್ತಾರೆ," ಎಂದ.

"ಒಟ್ಟೆಗಾ? ಬ್ಯಾಡ ಕಣ್ ಸಾಬಣ್ಣ. ಕರುಳಿಗೇ ಚುಚ್ತಾರಂತೆ. ನಾಟಿ ಔಸ್ದಿ ಕೊಡೋರವ್ರೆ. ಬೆಲ್ಲದಲ್ಲಿ ಸೊಪ್ಪು ಅರ್ದು ಕೊಟ್ಟು, ಬಾವಿ ಇಣುಕ್ಸಿ ಕಳುಸ್ತಾರೆ. ಬಾವೀಲಿ ನಾಯಿ ಕಾಣ್ದಿದ್ರೆ ವಾಸಿ ಆದಂಗೆ."

ಬೆಲ್ಲವೆಂದ ಕೂಡಲೇ ಬಾಬು ಜಾನ್‌ನ ಮುಖ ಒಂದು ಥರ ಆಯಿತು. ಗುದ್ದಲಿ ತೊಳೆದುಕೊಂಡು ಹೋದ.

ಮಾರನೆಯ ಬೆಳಿಗ್ಗೆ ಅವನು ಕುಂಟಿಕೊಂಡು ಬಂದ. ಬಲಗಾಲಿನ ಮೀನಖಂಡಕ್ಕೆ ಬಟ್ಟೆ ಸುತ್ತಿತ್ತು, ಬಟ್ಟೆಯ ಮೇಲೆ ರಕ್ತದ ಕಲೆ.

"ನಂಗೂ ಕಚ್ಚೈತೆ ಕಣೋ ಬೋರಯ್ಯ. ನಿನ್ನೆ ಗಾಬ್ರೀಲಿ ಗೊತ್ತಾಗ್ಲಿಲ್ಲ. ಆ ಸೂಜಿ ನೆನುಸ್ಕಂಡ್ರೆ ಕೈಕಾಲು ಅದುರ್ತವೆ. ಒಬ್ನೇ ಓಗಾಕೆ ಆಗಾಕಿಲ್ಲ. ನಿನ್ನಂತ ಗಟ್ಟಿಗ ಜೊತೆಗಿದ್ರೆ ಧೈರ್ಯ."

ಇಷ್ಟು ಸಾಕಾಯಿತು. ಬೋರಯ್ಯ ಎದ್ದು ರುಮಾಲು ಸುತ್ತಿದ. ಅರವತ್ತು ದಾಟಿದ ಸಾಬಣ್ಣ ಸೂಜಿಗೆ ಹೆದರುತ್ತಾನಂತೆ, ಪಾಪ, ಕರೆದುಕೊಂಡು ಹೋಗಿ ಬರಬೇಕು ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಯುದ್ಧದ ಕಾಲ, ರೈಲಿನ ತುಂಬ ಸಿಪಾಯಿಗಳು. ಬಾಗಿಲ ಹತ್ತಿರ ನೇತಾಡಿಕೊಂಡು ಹದಿನಾಲ್ಕು ದಿನ ಹೋಗಿ ಬಂದರು. ದಿನವೂ ಬಾಬು ಜಾನ್ ತಾನೇ ಮೊದಲು ಮೇಜಿನ ಮೇಲೆ ಮಲಗುತ್ತಿದ್ದ. ತಡ ಮಾಡಿದರೆ ಓಡಿಹೋಗಿಬಿಡುತ್ತೇನೆ ಎನ್ನುತ್ತಿದ್ದ. ಬೋರಯ್ಯ ಅವನ ಕೈ ಹಿಡಿದು, "ಎದ್ರುಕಬ್ಯಾಡ ಸಾಬಣ್ಣ, ನಾನಿಲ್ವಾ," ಎನ್ನುತ್ತಿದ್ದ. ಹಾಗೆ ಹೇಳಿದ ಬಾಯಲ್ಲೇ ತನ್ನ ಸರದಿಗೆ ಒಲ್ಲೆ ಎನ್ನುವುದು ಹೇಗೆ? ಹಲ್ಲು ಕಚ್ಚಿ ಮಲಗುತ್ತಿದ್ದ. ಹದಿನಾಲ್ಕೂ ಹಾಗೆಯೇ ಮುಗಿದವು.

*

ಸೂಜಿ ಮುಗಿದರೂ ಗಡುವು ಮುಗಿಯಲಿಲ್ಲ. ತೊಂಬತ್ತು ದಿನ ಕಳೆಯದೆ ನಂಬುವ ಹಾಗಿಲ್ಲ, ಅಷ್ಟರವರೆಗೆ ನಿಂತ ನೀರು ನೋಡಬಾರದು, ನೋಡಿದರೆ ಅದರಲ್ಲಿ ನಾಯಿ ಕಾಣಿಸುತ್ತದೆ, ಕಾಣಿಸಿತೋ ಮುಗಿಯಿತು ಎಂದು ಊರಿಗೆ ಊರೇ ಹೇಳಿತು. ಮನೆಯಲ್ಲಿ ಸೊಸೆ ತುಂಬು ಬಸುರಿ. ದೇವಿರಮ್ಮ ಅಳುತ್ತಲೇ ಗಂಡನ ಚಾಪೆಯನ್ನು ಕೊಟ್ಟಿಗೆಗೆ ಹಾಕಿದಳು. ಕ್ಷೌರದವನು ಮುಖ ಮುಟ್ಟಲು ಒಪ್ಪಲಿಲ್ಲ.

"ನನ್ ತೋಟಕ್ಕೆ ಬಾರೋ," ಎಂದ ಬಾಬು ಜಾನ್. "ಇಬ್ರು ರೋಗಿಷ್ಟ್ರು ಒಂದೇ ಕಡೆ ಬಿದ್ದಿರಾಣ."

ಬೇಲಿಯೊಳಗೆ, ಬಾವಿಯ ಹತ್ತಿರ ಬಾಬು ಜಾನ್ ಒಂದು ಹಗ್ಗದ ಮಂಚ ಹಾಕಿಕೊಟ್ಟ. ಬೋರಯ್ಯ ಅದನ್ನು ಎಳೆದಾಡಿ, ಬಾವಿಗೆ ಬೆನ್ನು ಬರುವ ಹಾಗೆ ತಿರುಗಿಸಿಕೊಂಡ. ದೇವಿರಮ್ಮ ಮೂರು ಹೊತ್ತೂ ಊಟ ತಂದು ಬೇಲಿ ಹತ್ತಿರ ಇಡುತ್ತಿದ್ದಳು, ಜೊತೆಗೊಂದು ಕೂಜದಲ್ಲಿ ನೀರು. ಬೋರಯ್ಯ ಕಣ್ಣು ಮುಚ್ಚಿಕೊಂಡು ಎತ್ತಿ ಕುಡಿಯುತ್ತಿದ್ದ.

ಮಳೆ ಹಿಂದಾಗಿತ್ತು. ಆಶ್ವಯುಜದ ಬಿಸಿಲು ಬೆಳಿಗ್ಗೆ ಬೆಳಿಗ್ಗೆ ಹಿತವಾಗಿ ಬೀಳುತ್ತಿತ್ತು. ಸೂಜಿ ಚುಚ್ಚಿ ಚುಚ್ಚಿ ಗಂಟು ಕಟ್ಟಿದ ಹೊಟ್ಟೆಯನ್ನು ಬಿಸಿಲಿಗೆ ಬಿಟ್ಟುಕೊಂಡು ಮಲಗಿದರೆ ಕಣ್ಣ ಮುಂದೆ ಸೇವಂತಿಗೆಯ ಸಾಲುಗಳು, ಆಚೆ ಆಯುಧಪೂಜೆಗೆಂದು ಬೆಳೆದ ಚೆಂಡುಹೂವು, ಬದುವಿನ ಉದ್ದಕ್ಕೂ ಕನಕಾಂಬರ. ಇಪ್ಪತ್ತು ವರ್ಷದಿಂದ ಈ ತೋಟದ ಪಕ್ಕದಲ್ಲೇ ಉತ್ತವನು ಬೋರಯ್ಯ. ಒಂದು ದಿನವೂ ನಿಂತು ನೋಡಿದವನಲ್ಲ. "ತಿನ್ನಾಕಾಯ್ತದಾ ಇದು?" ಎಂದು ಗೇಲಿ ಮಾಡುತ್ತಿದ್ದವನು. ಈಗ ನೋಡಿದ. ಹಳದಿ ಸೇವಂತಿಗೆ ಒಂದೇ ಹಳದಿಯಲ್ಲ, ಬೆಳಗ್ಗೆ ಒಂದು, ಸಂಜೆ ಒಂದು. ಇಬ್ಬನಿ ಆರುವ ಮೊದಲು ಕಿತ್ತರೆ ಹಾರ ಕಪ್ಪಾಗುತ್ತದೆ ಎಂಬುದನ್ನು ಕಲಿತ. ಬಾಡಿದ್ದನ್ನು ಚಿವುಟುವುದನ್ನು ಕಲಿತ. ಹೊಟ್ಟೆ ನೋವು ಕಡಿಮೆಯಾದಂತೆ ಎದ್ದು ಸಾಲಿನಲ್ಲಿ ಕೂತು ಕಳೆ ತೆಗೆದ. ಒಂದೊಂದು ಬೆಳಿಗ್ಗೆ ನಾಯಿಯ ನೆನಪೇ ಇಲ್ಲದೆ ಬಹಳ ಹೊತ್ತು ಕಳೆದುಹೋಗುತ್ತಿತ್ತು. ನೆನಪಾದ ಮೇಲೆ ಎರಡರಷ್ಟು ಹೆದರಿಕೆ.

ಬಾಬು ಜಾನ್ ದಿನದ ಮೊದಲ ಹೂವನ್ನು ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. "ಇದು ಮಾರಾಕಲ್ಲ," ಎನ್ನುತ್ತಿದ್ದ. ಮಾರದ ಸಾಲೂ ಒಂದಿತ್ತು, ಕೊನೆಯ ಬಿಳಿ ಸೇವಂತಿಗೆಯದು. ಹಬ್ಬಕ್ಕೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಅದು ಅವನ ಮಗಳು ನೂರುನ್ನೀಸಾಳದು. ಇಲ್ಲಿಗೆ ಬರುವ ಮೊದಲು, ಮಳವಳ್ಳಿಯಲ್ಲಿದ್ದಾಗ, ಒಂಬತ್ತು ವರ್ಷಕ್ಕೆ ಜ್ವರ ಬಂದು ಹೋದವಳು.

ಬೆಳಿಗ್ಗೆ ಎದ್ದ ಕೂಡಲೇ ಬೋರಯ್ಯ ಮಾಡುತ್ತಿದ್ದ ಮೊದಲ ಕೆಲಸ ಬಾಬು ಜಾನ್‌ನನ್ನು ನೋಡುವುದು. ಒಂದೇ ನಾಯಿ, ಒಂದೇ ದಿನ, ಅಷ್ಟೇ ಸೂಜಿ. ಅವನು ಚೆನ್ನಾಗಿದ್ದರೆ ತಾನೂ ಚೆನ್ನಾಗಿದ್ದೇನೆ. ಬಾಬು ಜಾನ್‌ಗೆ ಅದು ಗೊತ್ತಿತ್ತೋ ಏನೋ, ಬಾವಿಯಿಂದ ನೀರು ಸೇದಿ, ಮಂಚದ ಮುಂದೆಯೇ ಬಂದು ನಿಂತು, ಬೊಗಸೆಯಲ್ಲಿ ಗುಟುಕು ಗುಟುಕಿಗೂ ಸದ್ದು ಮಾಡುತ್ತ ಕುಡಿಯುತ್ತಿದ್ದ. ಆ ಸದ್ದು ಕೇಳಿದ ಮೇಲೆಯೇ ಬೋರಯ್ಯನಿಗೆ ಬೆಳಗಾಗುತ್ತಿದ್ದದ್ದು.

*

ನೀರಿನ ಸದ್ದು ನಿಂತಿತು. ಕಂಬಳಿ ಸರಿಸಿಕೊಂಡು ಜಲಾಲ್ ಸಾಹೇಬರು ಆಚೆ ಬಂದರು. ಮಸೀದಿಯ ಹಿರಿಯರು, ಊರಿನ ಮುಸಲ್ಮಾನರಲ್ಲಿ ಯಾರು ತೀರಿಕೊಂಡರೂ ಮೈ ತೊಳೆಯುವವರು ಅವರೇ. ತೋಳು ಮಡಿಸಿದ್ದರು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಬು ಜಾನ್‌ನ ತಮ್ಮನ ಮಗ ಕಬೀರ್ ಹಿಂದೆಯೇ ಬಂದು ತಲೆ ತಗ್ಗಿಸಿ ನಿಂತ.

"ಬೋರಯ್ಯ, ಬಾರಪ್ಪ ಇಲ್ಲಿ," ಎಂದರು.

ಹೊಂಗೆಮರದ ಕೆಳಗೆ ಮಾತು ನಿಂತಿತು. ಚಿಕ್ಕಮಾದು ಹೆಗಲ ಮೇಲಿನ ಹಗ್ಗವನ್ನು ಕೈಗೆ ತೆಗೆದುಕೊಂಡ. ಮುಗಿಯಿತು, ವಿಷದ ಗುರುತು ಮೈಮೇಲೆ ಕಂಡಿದೆ, ಅದಕ್ಕೇ ಕರೆಯುತ್ತಿದ್ದಾರೆ ಎಂದುಕೊಂಡ ಬೋರಯ್ಯ. ಎದ್ದ. ಹೂವಿನ ಬುಟ್ಟಿಯನ್ನು ಎದೆಗೆ ಹಿಡಿದುಕೊಂಡು ಹೇಗೋ ನಡೆದ.

"ನಾಯಿ ಎಲ್ಲಿ ಕಚ್ಚಿತ್ತಪ್ಪ ಇವನಿಗೆ?"

"ಬಲಗಾಲು, ಮೀನಖಂಡ."

ಜಲಾಲ್ ಸಾಹೇಬರು ಕಬೀರನ ಕಡೆ ನೋಡಿದರು. "ಮೈ ತೊಳೆದೋರು ಕೆಟ್ಟದ್ದು ಕಂಡ್ರೆ ಮುಚ್ಬೇಕು. ಒಳ್ಳೇದು ಕಂಡ್ರೆ ಹೇಳ್ಬೌದು. ನಮ್ಮಲ್ಲಿ ಹಂಗೆ. ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಇವತ್ತು ಕಂಡಿದ್ದು ಯಾವುದೂಂತ ನಂಗೇ ಗೊತ್ತಾಗ್ತಿಲ್ಲ."

"ಏನು ಕಂಡ್ರಿ ಬುದ್ಧೀ?" ಎಂದ ಬೋರಯ್ಯ.

"ವಿಷದ ಗಾಯ, ನೋಡ್ಕೊಂಡು ಮುಟ್ಬೇಕು ಅಂತ ಎರಡೂ ಕಾಲು ನೋಡ್ದೆ. ಕಬೀರನೂ ನೋಡ್ದ. ಹೊಟ್ಟೆ ಮೇಲೆ ಸೂಜಿ ಗಂಟು ಹದಿನಾಲ್ಕೂ ಅವೆ. ಕಾಲಲ್ಲಿ ಹಲ್ಲಿನ ಗುರುತು ಒಂದೂ ಇಲ್ಲ."

ಬೋರಯ್ಯ ಬಗ್ಗಿ ತನ್ನ ಕಾಲು ನೋಡಿಕೊಂಡ. ನಾಲ್ಕು ಹಲ್ಲಿನ ನಾಲ್ಕು ಗುಳಿ, ಕಪ್ಪಗೆ, ಇದ್ದ ಹಾಗೇ ಇದ್ದವು.

"ಕಚ್ಚಿರ್ಲಿಲ್ಲ ಬೋರಣ್ಣ." ಬಾಗಿಲ ಮರೆಯಿಂದ ಹಬೀಬುನ್ನೀಸಾಳ ದನಿ ಬಂತು. ಅತ್ತು ಅತ್ತು ದನಿ ಒಡೆದಿತ್ತು. "ಅವತ್ತು ರಾತ್ರಿಯೆಲ್ಲ ಮಲಗ್ಲಿಲ್ಲ. ಬೆಳಗಿನ ಜಾವ ಎದ್ದು ಗುಲಾಬಿ ಮುಳ್ಳಲ್ಲಿ ಕಾಲು ಗೀಚ್ಕೊಂಡ್ರು. ಬ್ಯಾಡೀಂದೆ. ಬೋರಯ್ಯ ಬೆಲ್ಲ ತಿನ್ನಾಕೆ ಹೊಂಟವ್ನೆ, ನಾನು ಹೋಗ್ದಿದ್ರೆ ಅವನೂ ಹೋಗಾಕಿಲ್ಲ ಅಂದ್ರು."

"ಬೆಲ್ಲ ತಿಂದ್ರೆ ಏನಾಯ್ತದೆ ಬೂಬಮ್ಮ?" ಎಂದ ಬೋರಯ್ಯ.

"ನಮ್ಮ ನೂರುನ್ನೀಸಾ ಜ್ವರದಲ್ಲಿ ಹೋಗ್ಲಿಲ್ಲ ಬೋರಣ್ಣ. ನಾಯಿ ಕಚ್ಚಿತ್ತು. ಬೆಲ್ಲ ತಿನ್ಸಿದ್ವಿ, ಬಾವಿ ತೋರಿಸ್ದ್ವಿ. ಬಾವೀಲಿ ನಾಯಿ ಇಲ್ಲಮ್ಮೀ, ನನ್ ಮುಖಾನೇ ಇದೆ ಅಂತ ನಕ್ಕೊಂಡು ಮನೆಗೆ ಬಂತು. ನಾವೂ ನಂಬ್ಕೊಂಡು ಕೂತ್ವಿ. ಇಪ್ಪತ್ತೆಂಟನೇ ದಿನ..." ಸುಧಾರಿಸಿಕೊಂಡು ಅಂದಳು: "ಇವರದು ಎದೆನೋವು. ಮೂರು ವರ್ಷದಿಂದ ಬತ್ತಿತ್ತು, ಯಾರ್ಗೂ ಹೇಳ್ಬ್ಯಾಡ ಅಂದಿದ್ರು. ನಿನ್ನೆ ನೀರು ತಳ್ಳಿದ್ದು ನೀರಿಗೆ ಹೆದರಿ ಅಲ್ಲ. ಎದೆ ಹಿಡ್ಕೊಳಾಕೆ ಕೈ ಬೇಕಿತ್ತು."

ಜಲಾಲ್ ಸಾಹೇಬರು ಮಡಿಸಿದ ತೋಳನ್ನು ಇಳಿಸಿಕೊಂಡರು. "ಸುಳ್ಳು ಹೇಳೋದು ಕೆಟ್ಟದ್ದು," ಎಂದರು. "ಆದ್ರೂ ಇದನ್ನ ನಾನು ಮುಚ್ಚಲ್ಲ."

ಬೇಲಿಯಾಚೆ ಯಾರೋ ಜೋರಾಗಿ ಉಸಿರು ಬಿಟ್ಟರು. ಬೋರಯ್ಯನಿಗೂ ಒಂದು ಗಳಿಗೆ ಎದೆ ಹಗುರವಾಯಿತು. ಸಾಬಣ್ಣ ಸತ್ತದ್ದು ನಾಯಿ ವಿಷದಿಂದಲ್ಲ, ಅಂದಮೇಲೆ ತಾನೂ ಸಾಯಬೇಕಾಗಿಲ್ಲ. ಆ ಗಳಿಗೆ ಕಳೆದದ್ದೇ ತಡ, ಹಿಂದೆಂದೂ ಇಲ್ಲದ ಹೆದರಿಕೆ ಅಂಗಾಲಿನಿಂದ ಏರಿತು. ದಿನಾ ಬೆಳಿಗ್ಗೆ ತನ್ನೆದುರು ನಿಂತು ನೀರು ಕುಡಿದು ತೋರಿಸಿದವನಿಗೆ ನಾಯಿಯೇ ಕಚ್ಚಿರಲಿಲ್ಲ. ಅವನು ಕುಡಿದರೆ ತನಗೇನು ಬಂತು? ಕಚ್ಚಿಸಿಕೊಂಡವನು ತಾನೊಬ್ಬನೇ. ಮೊದಲಿನಿಂದಲೂ ತಾನೊಬ್ಬನೇ ಇದ್ದದ್ದು. ಇನ್ನೂ ನಲವತ್ತೊಂಬತ್ತು ದಿನ ಇದೆ.

ಅದರ ಹಿಂದೆಯೇ ಇನ್ನೊಂದು ನೆನಪಾಗಿ ಅವನು ಅಲ್ಲೇ ಕೂತು ಅಳತೊಡಗಿದ. ಮೇಜಿನ ಮೇಲೆ ಮಲಗಿದ್ದ ಆ ಮುದುಕನ ಕೈ ನಿಜವಾಗಿಯೂ ನಡುಗುತ್ತಿತ್ತು. ಸೂಜಿಯ ಹೆದರಿಕೆ ಮಾತ್ರ ಸುಳ್ಳಾಗಿರಲಿಲ್ಲ.

ಅತ್ತು ಮುಗಿದ ಮೇಲೆ ಎದ್ದು ಬಾಗಿಲ ಕಡೆ ತಿರುಗಿ, "ಬೂಬಮ್ಮ, ಆ ಕೊನೇ ಸಾಲು," ಎಂದ.

"ಕಿತ್ಕೊಳಿ ಬೋರಣ್ಣ. ಎಲ್ಲಾನೂ ಕಿತ್ಕೊಳಿ."

ಅವನು ಬಿಳಿ ಸೇವಂತಿಗೆಯ ಸಾಲಿನಲ್ಲಿ ಕೂತ. ಮೊದಲ ಹೂವು ಕಿತ್ತಾಗ ಕೈ ತಾನಾಗಿ ಅದನ್ನು ಕಿವಿಗೆ ಸಿಕ್ಕಿಸಿತು. ಅವನಿಗೆ ಅದು ಗೊತ್ತೂ ಆಗಲಿಲ್ಲ.

*

ಬಟ್ಟೆಗೆ ಕಂಟ್ರೋಲು ಬಂದ ಕಾಲ. ಕಬೀರ್ ನಾಲ್ಕು ಅಂಗಡಿ ಅಲೆದು ತಂದಿದ್ದ ಬಿಳಿ ಬಟ್ಟೆ ಹೊದಿಸಿ, ಜನಾಜ ಎತ್ತಿದರು. ಬೋರಯ್ಯ ಹೆಗಲು ಕೊಡಲು ಹೋದಾಗ ಯಾರೂ ಬೇಡವೆನ್ನಲಿಲ್ಲ, ಆದರೆ ಅವನ ಪಕ್ಕದಲ್ಲಿದ್ದವನು ಒಂದು ಮೊಳ ಸರಿದು ನಡೆದ. ಹಿಂದೆ ಚಿಕ್ಕಮಾದು, ದೇವಿರಮ್ಮ ಬರುತ್ತಿದ್ದರು. ಹಗ್ಗ ಇನ್ನೂ ಅವನ ಕೈಯಲ್ಲೇ ಇತ್ತು. ಸಾಬರಿಗೆ ಕಚ್ಚಿರಲಿಲ್ಲ ಸರಿ, ಬಾವನಿಗೆ ಕಚ್ಚಿದೆಯಲ್ಲ ಎಂದು ಅವನು ಲೆಕ್ಕ ಹಾಕಿದ್ದ. ತಪ್ಪು ಲೆಕ್ಕವೂ ಅಲ್ಲ.

ಖಬರಸ್ತಾನದಲ್ಲಿ ನಮಾಜು ಮುಗಿಯಿತು, ಇಳಿಸಿದ್ದಾಯಿತು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು, ಬೋರಯ್ಯನೂ ಹಾಕಿದ. ಮಣ್ಣನ್ನು ದಿಂಡು ಮಾಡಿ, ಬುಟ್ಟಿಯ ಹೂವನ್ನೆಲ್ಲ ಅದರ ಮೇಲೆ ಹರಡಿದರು. ಇನ್ನು ತಲೆಯಿಂದ ಕಾಲಿನವರೆಗೆ ನೀರು ಚಿಮುಕಿಸುವುದೊಂದು ಬಾಕಿ. ಕಬೀರ್ ಬಿಂದಿಗೆ ಎತ್ತಿಕೊಂಡು ಮೂಲೆಯ ಬಾವಿಗೆ ಹೋದವನು ಖಾಲಿ ಬಿಂದಿಗೆ ಹಿಡಿದೇ ವಾಪಸು ಬಂದ.

"ಹಗ್ಗ ಇಲ್ಲ. ಯಾರೋ ಬಿಚ್ಕೊಂಡು ಹೋಗವ್ರೆ."

ಯಾರೂ ತಿರುಗಿ ನೋಡಲಿಲ್ಲ, ಆದರೂ ಎಲ್ಲರಿಗೂ ಚಿಕ್ಕಮಾದುವಿನ ಕೈ ಕಂಡಿತು. ಬೋರಯ್ಯ ಎದ್ದುಹೋಗಿ ಅವನ ಮುಂದೆ ನಿಂತ.

"ಕೊಡ್ಲಾ ಅಗ್ಗ."

"ಬಾವ, ನೀನು ಬ್ಯಾಡ. ನಾನು ಸೇದ್ಕಂಡು ಬತ್ತೀನಿ ಬುಡು. ಬಾವಿ ಅದು."

"ಬಾವೀಂತ ನಂಗೂ ಗೊತ್ತು ಕಣ್ಲಾ. ಕೊಡು."

ಬಿಂದಿಗೆಯ ಕುತ್ತಿಗೆಗೆ ಹಗ್ಗ ಬಿಗಿದು ಬೋರಯ್ಯ ಬಾವಿಕಟ್ಟೆಗೆ ಹೊಟ್ಟೆ ಆನಿಸಿ ನಿಂತ. ಸೂಜಿಯ ಗಂಟುಗಳು ಕಲ್ಲಿಗೆ ತಾಗಿ ನೊಂದವು. ಕಣ್ಣು ಮುಚ್ಚಿಕೊಂಡೇ ಬಿಂದಿಗೆ ಇಳಿಬಿಟ್ಟ. ಕೆಳಗೆ ನೀರಿಗೆ ತಾಗಿದ ಸದ್ದಾಯಿತು, ಗಂಟಲು ಹಿಡಿಯಿತು. ಹಿಂದೆ ದೇವಿರಮ್ಮ, "ನೋಡ್ಬ್ಯಾಡಿ, ನಿಮ್ ದಮ್ಮಯ್ಯ," ಎಂದು ಕೂಗಿದಳು.

ಅವನು ಕಣ್ಣು ಬಿಟ್ಟ.

ನೀರು ಅಲುಗಾಡುತ್ತಿತ್ತು. ಅದರಲ್ಲಿ ಏನೋ ಕಪ್ಪಗೆ ಎಳೆದಾಡಿತು, ಮೋರೆ ಉದ್ದವಾಯಿತು, ಒಂದು ಕಿವಿ ನಿಗುರಿದ ಹಾಗಾಯಿತು. ಹಗ್ಗ ಅಂಗೈಯಲ್ಲಿ ಒಂದು ಮಾರು ಜಾರಿಹೋಯಿತು. ಬೋರಯ್ಯ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ನೀರು ನಿಲ್ಲಲಿ ಎಂದು ಕಾದ. ನೀರು ನಿಂತಿತು. ಒಂದು ತುಂಡು ಆಕಾಶ, ಅದರ ನಡುವೆ ನಲವತ್ತೊಂದು ದಿನದ ಗಡ್ಡ ಬೆಳೆದ ಒಬ್ಬ ಮುದುಕ, ಅವನ ಕಿವಿಯ ಮೇಲೊಂದು ಬಿಳಿ ಸೇವಂತಿಗೆ.

ಸೇದಿ ತಂದು, ತಲೆಯಿಂದ ಕಾಲಿನವರೆಗೆ, ಹೂವು ಕದಲದ ಹಾಗೆ ನಿಧಾನವಾಗಿ ಚಿಮುಕಿಸಿದ. ಬಿಂದಿಗೆಯ ತಳದಲ್ಲಿ ಸ್ವಲ್ಪ ಉಳಿಯಿತು. ಅದನ್ನು ಬೊಗಸೆಗೆ ಸುರಿದುಕೊಂಡ. ಅರ್ಧ ಚೆಲ್ಲಿತು. ಉಳಿದ ಅರ್ಧವನ್ನು ಅಲ್ಲೇ ಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಬಿಟ್ಟುಕೊಂಡೇ, ಗುಟುಕು ಗುಟುಕಿಗೂ ಸದ್ದು ಮಾಡುತ್ತ ಕುಡಿದ.